ಚಾಚಾ ತಿದ್ದಿಸಿದ ಒಂದು ಶಬ್ದ

ಅವರ ಹತ್ತೂ ಬೆರಳುಗಳ ತುದಿಗಳು ಚಪ್ಪಟೆಯಾಗಿದ್ದವು. ಉಗುರಿನ ಸಂದಿಯಲ್ಲಿ ಕಾರ್ಬನ್ ಕಾಗದದ ನೀಲಿ ಮಸಿ ಕೂತೂ ಕೂತೂ ಚರ್ಮದ ಬಣ್ಣವೇ ಆಗಿಹೋಗಿತ್ತು. ಮಧ್ಯಾಹ್ನ ಊಟಕ್ಕೆ ಮೊದಲು ನಳದ ಕೆಳಗೆ ಕೈ ಹಿಡಿದು ಸಾಬೂನಿನ ಚೂರಿನಿಂದ ಮೊಣಕೈತನಕ ಉಜ್ಜಿ ತೊಳೆಯುತ್ತಿದ್ದರು. ನೀರು ನೀಲಿಯಾಗಿ ಹರಿಯುತ್ತಿತ್ತು, ಕೈ ಮಾತ್ರ ಹಾಗೇ ಇರುತ್ತಿತ್ತು. ಒದ್ದೆ ಕೈಯನ್ನು ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿ, "ಇಷ್ಟ ಬಿಡ್ರಿ, ಇನ್ನ ಹೋಗೂದಿಲ್ಲ" ಎಂದು ಯಾರಿಗೂ ಅಲ್ಲದಂತೆ ಹೇಳಿ ರೊಟ್ಟಿಯ ಗಂಟು ಬಿಚ್ಚುತ್ತಿದ್ದರು.

ಚಿಕ್ಕೋಡಿ ಕೋರ್ಟಿನ ಆವರಣದಲ್ಲಿ ಬೇವಿನ ಮರದ ಕೆಳಗೆ ಕೂರುತ್ತಿದ್ದ ಟೈಪಿಸ್ಟು ಅವರು. ವಕೀಲರಿಗೆ, ಕಕ್ಷಿದಾರರಿಗೆ, ಪೊಲೀಸರಿಗೆ, ಚಹಾದವನಿಗೆ, ಎಲ್ಲರಿಗೂ ಚಾಚಾ. ಹೆಸರು ಗೊತ್ತಿದ್ದವರು ಕಡಿಮೆ. ನನಗೆ ಗೊತ್ತಿತ್ತು. ಆದರೆ ಹದಿನೇಳು ವರ್ಷಗಳಲ್ಲಿ ಒಮ್ಮೆಯೂ ಬಾಯಿಂದ ಅಂದವಳಲ್ಲ. ಈಗ ಬರೆಯಲಿಕ್ಕೂ ಕೈ ಬರುವುದಿಲ್ಲ.

ಇದನ್ನು ಬರೆಯಲು ಕೂತಾಗ ನನಗೆ ದಣಿವಾಗಿದೆ ಎಂಬುದನ್ನೂ ಹೇಳಿಬಿಡುತ್ತೇನೆ. ಇವತ್ತು ಮೂರು ಪ್ರಕರಣಗಳಿಗೆ ಮುಂದಿನ ತಾರೀಖು ತೆಗೆದುಕೊಂಡು ಬಂದಿದ್ದೇನೆ. ಅದರಲ್ಲೊಂದು ನಾನು ಕರಿ ಕೋಟು ಹಾಕುವ ಮೊದಲೇ ಹುಟ್ಟಿದ್ದು. ಹೂಡಿದವರು ತೀರಿಕೊಂಡು ಅವರ ಮಕ್ಕಳು ಬರುತ್ತಿದ್ದಾರೆ. ಇಂಥ ದಿನಗಳಲ್ಲಿ ಚಾಚಾ ನೆನಪಾಗುತ್ತಾರೆ, ಯಾಕೆಂದರೆ ದಣಿವನ್ನು ಅಡಗಿಸಿಕೊಳ್ಳದೆ ಕೆಲಸ ಮಾಡುವುದು ಹೇಗೆಂದು ಅವರಿಗೆ ಗೊತ್ತಿತ್ತು. "ಸಾಕಾಗೇತಿ" ಎನ್ನುತ್ತಲೇ ಮುಂದಿನ ಹಾಳೆ ಏರಿಸುತ್ತಿದ್ದರು.

ನಾನು ಪಾಲಬಾವಿಯವಳು. ಕಾನೂನು ಓದಿ ಚಿಕ್ಕೋಡಿಯ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿದಾಗ ನನಗೆ ಇಪ್ಪತ್ನಾಲ್ಕು ವರ್ಷ. ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದಿದ್ದೆ. ಕಾಲೇಜಿನಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕ ಬಂದಿದ್ದವು ಎಂಬ ಸುದ್ದಿ ಹೇಗೋ ಹಬ್ಬಿ, ಮೊದಲ ವಾರದಿಂದಲೇ ಅನುವಾದದ ಕಾಗದಗಳು ನನ್ನ ಮೇಜಿಗೆ ಬೀಳತೊಡಗಿದವು. ಇಂಗ್ಲಿಷ್ ನೋಟೀಸುಗಳು, ಆದೇಶಗಳು, ವರದಿಗಳು. ಕನ್ನಡ ಮಾಡಿ, ಕೆಳಗೆ ಸಹಿ ಹಾಕಿ ಕೊಡಬೇಕು. ನನಗೆ ಹೆಮ್ಮೆಯಾಗುತ್ತಿತ್ತು.

ಚಾಚಾ ಮೆಟ್ರಿಕ್ಕಿನಲ್ಲಿ ಇಂಗ್ಲಿಷಿಗೇ ಎರಡು ಸಲ ನಪಾಸಾದವರು. ನಿಪ್ಪಾಣಿಯಲ್ಲಿ ಟೈಪಿಂಗ್ ಕಲಿತು ಚಿಕ್ಕೋಡಿಗೆ ಬಂದು ಕೂತಿದ್ದರು. ಮೊದಲ ವರ್ಷಗಳಲ್ಲಿ ಅರ್ಥ ತಿಳಿಯದೆಯೇ ಹೊಡೆಯುತ್ತಿದ್ದರಂತೆ, ಅಕ್ಷರ ನೋಡಿ ಅಕ್ಷರ. ವಯಸ್ಸಾಗಿ ವಕೀಲಿ ಬಿಟ್ಟ ಯಾರೋ ಒಬ್ಬರು ತಮ್ಮ ದಪ್ಪ ನಿಘಂಟನ್ನು ಅವರ ಕೈಗಿಟ್ಟು ಹೋಗಿದ್ದರು. ಅದರ ಬೆನ್ನು ಕಿತ್ತುಹೋಗಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದಿಟ್ಟಿದ್ದರು. ಕೆಲಸವಿಲ್ಲದ ಹೊತ್ತಿನಲ್ಲಿ ಪಟ್ಟಿ ಬಿಚ್ಚಿ ಒಂದೊಂದು ಪುಟ ಓದುತ್ತಿದ್ದರು. ಅವರ ಉಚ್ಚಾರ ಕೇಳಿ ಹೊಸ ವಕೀಲರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಜಗಳದ ಕಾಗದಗಳಲ್ಲಿ ಒಂದು ಮಾತು ಎಂದೂ ತಪ್ಪುವುದಿಲ್ಲ: ಆರೋಪಿಯು ಹೊಲಸು ಶಬ್ದಗಳಿಂದ ಬೈದನು. ಇಂಗ್ಲಿಷಿನಲ್ಲಿ ಅದು ಯಾವಾಗಲೂ ಫಿಲ್ದಿ ಭಾಷೆ. ಚಾಚಾನಿಗೆ ಇದು ದೊಡ್ಡ ಕಿರಿಕಿರಿ.

"ಎಲ್ಲಾದಕ್ಕೂ ಒಂದ ಫಿಲ್ದಿ ಬಡದ ಬಿಡ್ತಾರ," ಎಂದರು ಒಂದು ದಿನ, ರಿಬ್ಬನ್ ಬದಲಿಸುತ್ತ. "ನಮ್ಮ ಮಂದಿ ಹೊಲಸಿಗೆ ಎಷ್ಟ ಹೆಸರ ಇಟ್ಟಾರ ನೋಡ್ರಿ ಮೇಡಂ. ರಾಡಿ ಅಂದ್ರ ಕಾಲಿಗೆ ಹತ್ತೂದು. ಮಸಿ ಅಂದ್ರ ಕೈಗೆ ಹತ್ತೂದು. ಜಿಡ್ಡ ಪಾತ್ರಿಗೆ. ಅಂಗಿ ಮಾಸತೈತಿ, ಹೊಲಸ ಆಗೂದಿಲ್ಲ. ಘಾಣ ಅಂದ್ರ ಮೂಗ ಮುಚಗೊಳ್ಳೂದು. ಮೈಲಿಗಿ ಅಂತೂ ಕಣ್ಣಿಗೆ ಕಾಣಸೂದ ಇಲ್ಲ, ಅದು ಮಂದಿ ತಲ್ಯಾಗ ಇರತೈತಿ. ಇಂಗ್ಲೀಷಿನಾವ್ರೂ ಹಂಗ ಬ್ಯಾರೆ ಬ್ಯಾರೆ ಇಟ್ಟಾರ. ಹುಡುಕೂ ಪುರಸೊತ್ತ ನಮಗಿಲ್ಲ."

"ಅಷ್ಟ ನೋಡಕೋತ ಕುಂತ್ರ ದಿನಕ್ಕ ಒಂದ ಕಾಗದ ಆಗತೈತಿ ಚಾಚಾ," ಎಂದೆ.

"ಆಗಲಿ ಬಿಡ್ರಿ. ಒಂದ ಆಗಲಿ."

ಆ ಮಳೆಗಾಲದಲ್ಲಿ ಚಾಚಾನ ಹೆಂಡತಿಗೆ ಮಿರಜದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಚಾಚಾ ಹನ್ನೆರಡು ದಿನ ಬರಲಿಲ್ಲ. ಬೇವಿನ ಮರದ ಕೆಳಗೆ ಮೇಜು ಗೋಣಿತಾಟು ಹೊದ್ದು ನಿಂತಿತ್ತು. ಆ ದಿನಗಳಲ್ಲೇ ರಾಯಬಾಗ ಕಡೆಯ ಒಂದು ಹಳ್ಳಿಯಿಂದ ಶಾಲೆಯ ಸಮಿತಿಯವರು ಇಬ್ಬರು ನಮ್ಮ ಆಫೀಸಿಗೆ ಬಂದರು. ಹೊರಗಿನಿಂದ ಬಂದ ಒಬ್ಬ ಅಧಿಕಾರಿ ಅವರ ಶಾಲೆಯ ಬಿಸಿಯೂಟದ ಅಡುಗೆಮನೆ ನೋಡಿ, ಒಂದು ಪುಟದ ವರದಿಯನ್ನು ಇಂಗ್ಲಿಷಿನಲ್ಲಿ ಬರೆದುಹೋಗಿದ್ದರು. ಓದಲು ಬರುತ್ತಿಲ್ಲ, ಕನ್ನಡ ಮಾಡಿಕೊಡಿ ಎಂದರು.

ಸುಲಭದ ಕೆಲಸ. ಗ್ಯಾಸ್ ಮುಗಿದು ಕಟ್ಟಿಗೆಯ ಒಲೆ ಹಚ್ಚಿದ್ದರು, ನೀರಿನ ತೊಟ್ಟಿಗೆ ಮುಚ್ಚಳವಿರಲಿಲ್ಲ, ಇಂಥವು. ಆರನೆಯ ಸಾಲಿನಲ್ಲಿ ಅಡುಗೆಯವಳ ಕೈ ಮತ್ತು ಸೀರೆಯ ಬಗ್ಗೆ ಒಂದೇ ಒಂದು ವಿಶೇಷಣ ಹಾಕಿದ್ದರು: ಗ್ರಬಿ. ಆ ಶಬ್ದ ನನಗೆ ಗೊತ್ತಿರಲಿಲ್ಲ. ನನ್ನ ಚಿಕ್ಕ ನಿಘಂಟಿನಲ್ಲಿ ಅದು ಇರಲಿಲ್ಲ, ಅದರ ಮೂಲವಾದ ಗ್ರಬ್ ಇತ್ತು. ಅರ್ಥ, ಗೊಣ್ಣೆ ಹುಳು. ಕಬ್ಬಿನ ಬೇರು ತಿನ್ನುವ ಆ ಬಿಳಿ ಡೊಂಕು ಹುಳುವನ್ನು ನಾನು ಹುಟ್ಟಿದಾಗಿನಿಂದ ನೋಡಿದವಳು. ಹುಳು ಇದ್ದದ್ದು ಗ್ರಬಿ, ಅಷ್ಟೇ ತಾನೆ ಎಂದುಕೊಂಡೆ. ಒಂದು ಕ್ಷಣ ಅನುಮಾನ ಬಂದದ್ದು ನಿಜ. ಕೈಯಲ್ಲಿ ಹುಳು ಇರುವುದು ಹೇಗೆ? ಕೇಳೋಣವೆಂದರೆ ಚಾಚಾ ಇರಲಿಲ್ಲ. ಸಮಿತಿಯವರು ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದರು. "ತಪಾಸಣೆಯ ವೇಳೆ ಅಡುಗೆಯವಳ ಕೈಗಳಲ್ಲಿ ಹಾಗೂ ಸೀರೆಯಲ್ಲಿ ಹುಳುಗಳು ಇದ್ದವು" ಎಂದು ಬರೆದು, ಎದುರಿನ ಅಂಗಡಿಯ ಕಂಪ್ಯೂಟರಿನಲ್ಲಿ ಹೊಡೆಸಿ, ಸಹಿ ಹಾಕಿ ಕೊಟ್ಟೆ. ಅವರು ಹೋದ ಮೇಲೆ ಅದನ್ನು ಮರೆತೂ ಬಿಟ್ಟೆ.

ಚಾಚಾ ತಿರುಗಿ ಬಂದು ಒಂದೂವರೆ ತಿಂಗಳಾದ ಮೇಲೆ, ಒಂದು ಸೋಮವಾರ, ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಅವರ ಮೇಜಿನ ಮುಂದೆ ಬಂದು ನಿಂತಳು. ಬಾಳವ್ವ ಅಂತ. ಗಂಡ ಇಲ್ಲ, ಒಬ್ಬಳು ಮಗಳು. ಒಂಬತ್ತು ವರ್ಷ ಆ ಶಾಲೆಯಲ್ಲಿ ಅಡುಗೆ ಮಾಡಿದವಳು. ನಾನು ಬೇರೆ ಕಾಗದಕ್ಕಾಗಿ ಪಕ್ಕದಲ್ಲೇ ನಿಂತಿದ್ದೆ.

"ಒಂದ ಅರ್ಜಿ ಬರೀಬೇಕ್ರಿ ಚಾಚಾರ," ಎಂದಳು. "ನನ್ನ ಕೈಯಾಗ ಹುಳ ಅದಾವಂತ ಬರದಾರ್ರಿ. ಕೆಲಸ ಬಿಡಿಸ್ಯಾರ. ನೋಡ್ರಿ, ಎಲ್ಲಿ ಅದಾವ?"

ಎರಡೂ ಕೈಗಳನ್ನು ಅಂಗೈ ಮೇಲೆ ಮಾಡಿ ಮೇಜಿನ ಮೇಲೆ, ಟೈಪ್‌ರೈಟರಿನ ಎದುರಿಗೆ ಇಟ್ಟಳು. ರೊಟ್ಟಿ ಬಡಿದು ಗಟ್ಟಿಯಾದ ಕೈಗಳು. ಒಂದು ಹಳೆಯ ಸುಟ್ಟ ಗಾಯ. ಇನ್ನೇನೂ ಇರಲಿಲ್ಲ.

"ಮಂದಿ ಮನೀ ಮುಂದ ಹಾದ್ರ ಹುಡುಗ್ರನ್ನ ಒಳಗ ಕರಕೋತಾರ್ರಿ. ನೀರಿನ ಕಡೆ ಹೋದ್ರ ಹೆಣ್ಮಕ್ಕಳು ಕೊಡ ಸರಸ್ತಾರ. ನನ್ನ ಮಗಳ ಕೈಯಾಗೂ ಅದಾವೇನಂತ ಸಾಲ್ಯಾಗ ಕೇಳ್ಯಾರ. ಅವತ್ತ ಗ್ಯಾಸ್ ತೀರಿತ್ತ್ರಿ. ಹಸಿ ಕಟಗಿ, ಹೊಗಿ ಆತು. ಬೋಗಾಣಿ ಮಸಿ ಹತ್ತಿತ್ತು ಕೈಗೆ, ಸೀರಿಗೆ. ಅದನ್ನ ಹುಳ ಅಂದ್ರ ಹೆಂಗ್ರಿ?"

ಚಾಚಾ ಅವಳ ಕಾಗದಗಳನ್ನು ತೆಗೆದುಕೊಂಡರು. ಕನ್ನಡದ್ದನ್ನು ಓದಿದರು. ಅದರ ಹಿಂದೆ ಚುಚ್ಚಿದ್ದ ಇಂಗ್ಲಿಷಿನದನ್ನು ಓದಿದರು. ಮತ್ತೆ ಕನ್ನಡದ್ದರ ಕೆಳಗಿನ ಸಹಿ ನೋಡಿದರು. ನನ್ನತ್ತ ತಿರುಗಲಿಲ್ಲ.

"ಅವ್ವಾ, ನೀ ಅಲ್ಲಿ ಕಟ್ಟಿ ಮ್ಯಾಲೆ ಕುಂದರ. ಒಂದೀಟ ಚಾ ಕುಡಿ. ಕರೀತೀನಿ," ಎಂದರು.

ಅವಳು ಅತ್ತ ಹೋದ ಮೇಲೆ ನಿಘಂಟಿನ ಪಟ್ಟಿ ಬಿಚ್ಚಿ, ಪುಟ ತೆಗೆದು, ನನ್ನ ಮುಂದೆ ಸರಿಸಿದರು. ಬೆರಳಿಟ್ಟು ತೋರಿಸಿದರು. ನಾನು ಓದಿದೆ.

"ಗ್ರಬಿ ಅಂದ್ರ ಹುಳ ಅಲ್ಲ ಬೇಟಾ," ಎಂದರು. ಅದೇ ಮೊದಲು ಅವರು ನನಗೆ ಬೇಟಾ ಅಂದದ್ದು. ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದೂರ ನಡೆದು ಬಂದವರ ದನಿಯಿತ್ತು. "ಹಿಂದಕ್ಕ ಹುಳದಿಂದ ಬಂದಿರಬಹುದು, ಮಣ್ಣ ಕೆದರೂ ಹುಳ ಅಂತ. ಈಗ ಅದರ ಅರ್ಥ ಕೈ ಮಾಸೂದು, ಮಸಿ ಹತ್ತೂದು. ಹುಡುಗ್ರು ಮಣ್ಣಾಗ ಆಡಿ ಬಂದ್ರ ತಾಯಿ ಅಂತಾಳ, ಏನ ಗ್ರಬಿ ಕೈ ಅದಾವೋ ನಿನ್ನೂ ಅಂತ. ಕೆಲಸ ಮಾಡಿದ ಕೈಗೆ ಬರೂ ಹೊಲಸ ಇದು. ತೊಳದ್ರ ಹೋಗತೈತಿ. ನನ್ನೂ ಗ್ರಬಿ, ನೋಡ್ರಿ."

ಇಂಗ್ಲಿಷಿನ ಕಾಗದವನ್ನು ಮತ್ತೆ ಕೈಗೆತ್ತಿಕೊಂಡರು. "ಬರದ ಸಾಹೇಬಂದೂ ತಪ್ಪ ಐತಿ. ಇದು ಮನ್ಯಾಗ ಆಡೂ ಮಾತು. ಸಣ್ಣ ಹುಡುಗ್ರಿಗೆ ಅಂದ್ರ ಪ್ರೀತಿ, ದೊಡ್ಡ ಹೆಣಮಗಳಿಗೆ ಅಂದ್ರ ಅವಮಾನ. ಕಚೇರಿ ಕಾಗದದಾಗ ತರಬಾರದು. ಲುಂಗಿ ಉಟ್ಟ ಕೋರ್ಟಿಗೆ ಬಂದಂಗ ಅದು. ಕೈಗೆ ಮಸಿ ಹತ್ತಿತ್ತು ಅಂತ ನೆಟ್ಟಗ ಬರೀಬೇಕಿತ್ತ. ಇನ್ನೊಂದ ಅರ್ಥ ಐತಿ ಕೆಳಗ, ಓದ್ರಿ."

ಓದಿದೆ. ಅಪ್ರಾಮಾಣಿಕವಾದ, ನೀಚವಾದ, ಎಂದಿತ್ತು. ವ್ಯವಹಾರಕ್ಕೆ, ನಡತೆಗೆ ಹೇಳುವ ಮಾತು.

"ಅದು ತೊಳದ್ರ ಹೋಗೂದಿಲ್ಲ," ಎಂದರು ಚಾಚಾ. "ಕೈ ನೋಡಿದ್ರ ಗೊತ್ತೂ ಆಗೂದಿಲ್ಲ."

ನಾನು ಆಫೀಸಿಗೆ ಓಡಿಹೋಗಿ ನಮ್ಮ ಹಿರಿಯ ವಕೀಲರಿಗೆ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ಆದದ್ದ ಆತು ತಂಗಿ. ನಿನಗಿನ್ನ ವರ್ಷ ಆಗಿಲ್ಲ ಇಲ್ಲಿ. ತಪ್ಪ ಅನುವಾದ ಮಾಡಿದೆ ಅಂತ ನೀನ ಬರದ ಕೊಟ್ರ ನಾಳೆ ಯಾರ ಕಾಗದ ತರ್ತಾರ ನಿನ್ನ ಕಡೆ? ಟೈಪಿಂಗ್ ತಪ್ಪ ಅಂತ ಹಾಕು. ಚಾಚಾನ ಹೆಸರ ಬರಿ. ಅವಗೇನ, ಟೈಪಿಸ್ಟನ ತಪ್ಪ ಯಾರೂ ಮನಸಿಗೆ ಹಚಗೊಳ್ಳೂದಿಲ್ಲ."

ನನಗೆ ಆ ಮಾತು ಕೇಳಿ ಹಗುರಾಯಿತು. ನಾಚಿಕೆಯ ಸಂಗತಿ, ಆದರೆ ಆಯಿತು. ಮರಳಿ ಬೇವಿನ ಮರದ ಕೆಳಗೆ ಬಂದು, ತಲೆ ತಗ್ಗಿಸಿ, ಸಾಹೇಬರು ಹೀಗೆ ಅಂದರು ಎಂದು ಹೇಳಿದೆ.

ಚಾಚಾ ನಗಲಿಲ್ಲ, ಬೇಜಾರೂ ಮಾಡಿಕೊಳ್ಳಲಿಲ್ಲ. "ಹಾಕ್ರಿ. ಮೂವತ್ತ ವರ್ಷ ಎಲ್ಲಾರ ತಪ್ಪೂ ನನ್ನ ಬೆರಳಿಗೆ ಬಂದಾವ. ನಿಮ್ಮ ಸಾಹೇಬರದು, ಅವರ ಗುರುಗಳದು. ಇನ್ನೊಂದ ಬಂದ್ರ ಭಾರ ಆಗೂದಿಲ್ಲ. ಆದ್ರ ಅವತ್ತ ನಾ ಮಿರಜದಾಗ ಹೆಂಡತಿ ಹಾಸಿಗಿ ಬಾಜೂಕ ಕುಂತಿದ್ದೆ. ಅದು ನನಗ ಗೊತ್ತೈತಿ, ನಿಮಗ ಗೊತ್ತೈತಿ. ಈಗ ಓದಿದ್ರಲ್ಲ ಎರಡನೇ ಅರ್ಥ? ಅದು ಇದ ಬೇಟಾ."

ಕಟ್ಟೆಯ ಮೇಲೆ ಬಾಳವ್ವ ಚಹಾದ ಲೋಟವನ್ನು ಸೆರಗಿನಲ್ಲಿ ಹಿಡಿದುಕೊಂಡು ಕೂತಿದ್ದಳು. ಅಂಗೈಗೆ ತಾಗದಂತೆ. ತಾನು ಮುಟ್ಟಿದ ಲೋಟವೆಂದು ನಾಳೆ ಯಾರಾದರೂ ಏನಾದರೂ ಅಂದಾರೆಂಬ ಅಂಜಿಕೆ ಅವಳಿಗೆ ಆಗಲೇ ರೂಢಿಯಾಗಿತ್ತು. ಅದನ್ನು ನೋಡಿ ನನಗೆ ಇನ್ನು ಉಳಿದ ದಾರಿ ಒಂದೇ ಅನಿಸಿತು. ಧೈರ್ಯ ಬಂತೆಂದು ಹೇಳಲಾರೆ, ತಪ್ಪಿಸಿಕೊಳ್ಳುವ ಶಕ್ತಿ ಮುಗಿಯಿತು.

ಅವಳ ಹತ್ತಿರ ಹೋಗಿ, "ಆ ಹುಳ ಅನ್ನೂ ಶಬ್ದ ಬರದಾಕಿ ನಾನ," ಎಂದೆ.

ಅವಳು ನನ್ನ ಮುಖ ನೋಡಿದಳು, ಕೋಟು ನೋಡಿದಳು. "ನೀವ್ ನನ್ನ ನೋಡೇ ಇಲ್ಲಲ್ರಿ ಅಕ್ಕಾರ," ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ತಿದ್ದುಪಡಿಯ ಕಾಗದವನ್ನು ಚಾಚಾ ನಾಲ್ಕು ಸಲ ಬರೆಸಿದರು. ನಾನು ಮೊದಲ ಸಲ "ಗಡಿಬಿಡಿಯಲ್ಲಿ ಆದ ಪ್ರಮಾದ" ಎಂದು ಬರೆದಿದ್ದೆ. ಗಡಿಬಿಡಿ ತೆಗೆಸಿದರು. ಎರಡನೆಯ ಸಲ "ಅನುವಾದದಲ್ಲಿ ತಪ್ಪು ನುಸುಳಿದೆ" ಎಂದಿತ್ತು. "ತಪ್ಪ ತಾನ ನಡಕೋತ ಬಂದ ನುಸುಳೂದಿಲ್ಲ, ಯಾರರೆ ಮಾಡಿರ್ತಾರ. ನಾನು ಮಾಡಿದೆ ಅಂತ ಬರೀರಿ," ಎಂದರು. ಕೊನೆಗೆ ಉಳಿದದ್ದು ಐದು ಸಾಲು. ಅಡುಗೆಯವಳ ಕೈಗೆ ಪಾತ್ರೆಯ ಮಸಿ ಹತ್ತಿತ್ತು ಎಂಬುದಷ್ಟೇ ಮೂಲದ ಅರ್ಥ. ಹುಳು ಎಂಬ ಮಾತು ಮೂಲದಲ್ಲಿ ಇಲ್ಲ. ಅದನ್ನು ಅರ್ಥ ತಿಳಿಯದೆ ನಾನು ಬರೆದೆ.

ಅಂಚೆಯಲ್ಲಿ ಕಳಿಸುತ್ತೇನೆ ಎಂದು ಮರುದಿನ ಬೆಳಿಗ್ಗೆ ಹೇಳಿದೆ. ಚಾಚಾ ಯಂತ್ರಕ್ಕೆ ಗೋಣಿತಾಟು ಹೊದಿಸುತ್ತಿದ್ದರು. "ನಡೀರಿ, ನಾನೂ ಬರತೀನಿ," ಎಂದರು. ಕೆಲಸದ ದಿನ ಬೆಳಿಗ್ಗೆಯೇ ಅವರು ಮೇಜು ಮುಚ್ಚಿದ್ದನ್ನು ನಾನು ಅದೊಂದೇ ಸಲ ಕಂಡದ್ದು.

ಹಳ್ಳಿಯಲ್ಲಿ ಬಾಳವ್ವನನ್ನೂ ಕರೆದುಕೊಂಡು ಶಾಲೆಗೆ ಹೋದೆವು. ಮುಖ್ಯ ಗುರುಗಳು ಸಮಿತಿಯವರನ್ನು ಕರೆಸಿದರು. ಸುದ್ದಿ ತಿಳಿದು ಏಳೆಂಟು ತಾಯಂದಿರೂ ಬಂದು ವರಾಂಡದಲ್ಲಿ ನಿಂತರು. ನಾನು ಕಾಗದ ಓದಿದೆ.

ಒಬ್ಬ ತಾಯಿ ಕೇಳಿದಳು, "ಹಂಗಾದ್ರ ನೀವು ಸುಳ್ಳ ಬರದಿದ್ರೇನ್ರಿ?"

"ಸುಳ್ಳ ಅಲ್ರಿ, ತಪ್ಪ ಬರದಿದ್ದೆ."

"ನಮಗ ಎರಡೂ ಒಂದರಿ. ನಾವ್ ಎರಡ ತಿಂಗಳ ಹುಡುಗ್ರ ಹೊಟ್ಟಿ ನೋಡಕೋತ ಕುಂತೀವಿ, ಹುಳ ಆದಾವೇನಂತ."

ನಾನು ಕಾಗದ ಮಡಿಸಿ ಮುಖ್ಯ ಗುರುಗಳ ಕೈಗೆ ಕೊಟ್ಟೆ. ಊಟದ ಗಂಟೆ ಹೊಡೆಯಿತು. ಚಾಚಾ ಎದ್ದು, "ಗುರುಗಳ, ನಮಗೂ ಒಂದೊಂದ ತಾಟ ಹಾಕಸ್ರಿ. ಬಾಳವ್ವ ನೀಡಲಿ," ಎಂದು ಹೋಗಿ ಮಕ್ಕಳ ಸಾಲಿನಲ್ಲಿ ಚಕ್ಕಳ ಮಕ್ಕಳ ಹಾಕಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ಬಾಳವ್ವ ಅನ್ನ ನೀಡಿದಳು, ಸಾರು ಹಾಕಿದಳು. ಚಾಚಾ ಎರಡು ಸಲ ಕೇಳಿ ಹಾಕಿಸಿಕೊಂಡರು. ತಾಯಂದಿರು ನೋಡುತ್ತ ನಿಂತರು. ಯಾರ ಮುಖವೂ ಬದಲಾದಂತೆ ನನಗೆ ಕಾಣಲಿಲ್ಲ.

ಕಾಗದ ಮೇಲಿನ ಕಚೇರಿಗೆ ಹೋಗಿ, ಅಲ್ಲಿಂದ ಇನ್ನೊಂದು ಕಚೇರಿಗೆ ಹೋಗಿ, ಮರುವರ್ಷ ಶಾಲೆ ತೆರೆಯುವಾಗ ಬಾಳವ್ವನನ್ನು ಮತ್ತೆ ತೆಗೆದುಕೊಂಡರು. ನಾನು ಸಂತೋಷದಿಂದ ಚಾಚಾನಿಗೆ ಹೇಳಿದೆ. ಅವರಿಗೆ ಆಗಲೇ ಗೊತ್ತಿತ್ತು, ಆ ಕಡೆಯ ಕಕ್ಷಿದಾರರನ್ನು ವಿಚಾರಿಸುತ್ತಲೇ ಇದ್ದರು. ಅವಳನ್ನು ಪಾತ್ರೆ ತೊಳೆಯಲು ಹಾಕಿದ್ದಾರೆ, ಅಡುಗೆಗೆ ಅಲ್ಲ ಎಂಬುದೂ, ಊರಲ್ಲಿ ಅವಳಿಗೆ ಹುಳದ ಬಾಳವ್ವ ಎಂಬ ಹೆಸರು ನಿಂತುಬಿಟ್ಟಿದೆ ಎಂಬುದೂ ನನಗೆ ಅವರಿಂದಲೇ ತಿಳಿಯಿತು. ಎರಡು ವರ್ಷ ಮಾಡಿ ಅವಳು ಆ ಕೆಲಸ ಬಿಟ್ಟು ಮಗಳ ಜೊತೆ ಇಚಲಕರಂಜಿ ಕಡೆ ಹೋದಳಂತೆ.

"ಕಾಗದ ತಿದ್ದಾಕ ಬರತೈತಿ," ಎಂದರು ಚಾಚಾ. "ಮಂದಿ ಬಾಯಿ ತಿದ್ದಾಕ ಬರೂದಿಲ್ಲ. ಆದ್ರೂ ಕಾಗದರೆ ತಿದ್ದಬೇಕಲ್ಲ."

ಆಮೇಲೆ ಎಷ್ಟೋ ವರ್ಷ ನನ್ನ ಪ್ರತಿ ಅನುವಾದವನ್ನೂ ಸಹಿಗೆ ಮೊದಲು ಅವರಿಗೆ ಓದಿಹೇಳಿದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಪ್ಪಿಗೆಯಾದರೆ ಏನೂ ಅನ್ನುತ್ತಿರಲಿಲ್ಲ, ಆಗದಿದ್ದರೆ ಒಂದು ಕಣ್ಣು ತೆರೆಯುತ್ತಿದ್ದರು. ಯಾರ ಕಾಗದವೋ ಅವರನ್ನು ಒಮ್ಮೆ ಕಣ್ಣಾರೆ ನೋಡದೆ ನಾನು ಬರೆಯಲು ಕೂರುವುದಿಲ್ಲ. ಈ ಚಟದಿಂದಾಗಿ ನನ್ನ ಕೆಲಸ ಯಾವಾಗಲೂ ತಡ. ನನಗೆ ಹೆಚ್ಚು ಕಕ್ಷಿದಾರರೂ ಇಲ್ಲ.

ಕೋರ್ಟಿನ ಸುತ್ತ ಕಂಪ್ಯೂಟರು ಹೆಚ್ಚಾದವು. ಮರದ ಕೆಳಗಿನ ಮೇಜುಗಳು ಒಂದೊಂದೇ ಎದ್ದುಹೋದವು. ಚಾಚಾ ಕಲಿಯಲಿಲ್ಲ. ನಾನೇ ಒಮ್ಮೆ ಒತ್ತಾಯ ಮಾಡಿದೆ. "ಅದರಾಗ ತಪ್ಪ ಅಳಿಸಿದ್ರ ಗುರುತ ಉಳಿಯೂದಿಲ್ಲ ಬೇಟಾ," ಎಂದರು. "ಅಳಿಸಿದ್ದೂ ಗೊತ್ತಾಗೂದಿಲ್ಲ. ನನಗ ಅಂಜಿಕಿ ಬರತೈತಿ." ಕಡೆಕಡೆಗೆ ಅಂಕಲಿಯಿಂದ ಬಸ್ಸು ಹತ್ತಿ ಬಂದು ಸುಮ್ಮನೆ ಕೂತು ಹೋಗುತ್ತಿದ್ದರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತು. ಬರುವುದು ನಿಂತಿತು. ನಾನು ತಿಂಗಳಿಗೊಮ್ಮೆ ಅಂಕಲಿಗೆ ಹೋಗಿ ಕಾಗದ ಓದಿಹೇಳಿ ಬರುತ್ತಿದ್ದೆ. ಕೊನೆಯ ವರ್ಷ ಅದೂ ಎರಡು ತಿಂಗಳಿಗೊಮ್ಮೆಯಾಯಿತು. ಬೇಕಂತ ಅಲ್ಲ. ಬದುಕು ಹಾಗೆ ಎಳೆದೊಯ್ಯುತ್ತದೆ.

ಹೋದ ಕಬ್ಬಿನ ಹಂಗಾಮಿನಲ್ಲಿ ಅವರು ತೀರಿಕೊಂಡರು. ಬೆಳಿಗ್ಗೆ ಕೋರ್ಟಿನಲ್ಲಿ ನಿಂತಿದ್ದಾಗ ಮಗನ ಫೋನು ಬಂತು. ನ್ಯಾಯಾಧೀಶರ ಮುಂದೆ ಮುಂದಿನ ತಾರೀಖು ಕೇಳಿದೆ. ಕಾರಣ ಕೇಳಿದರು. ನನಗೆ ಇಂಗ್ಲಿಷ್ ಕಲಿಸಿದ ಗುರುಗಳು ತೀರಿಕೊಂಡಿದ್ದಾರೆ ಎಂದೆ. ಹೊರಗೆ ಬಂದಾಗ ಎದುರು ಪಕ್ಷದ ವಕೀಲರು, "ಯಾವ ಕಾಲೇಜಿನವರ್ರಿ?" ಎಂದು ಕೇಳಿದರು. ನಾನು ಆಗಲೇ ಬಸ್ಸಿಗೆ ಓಡುತ್ತಿದ್ದೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ನಾನು ಮುಟ್ಟುವ ಹೊತ್ತಿಗೆ ಅವರನ್ನು ಎತ್ತಿಕೊಂಡು ಹೋಗಿಯಾಗಿತ್ತು.

ಹೆಂಗಸರ ನಡುವೆ ಅವರ ಹೆಂಡತಿಯ ಪಕ್ಕದಲ್ಲಿ ಕೂತೆ. ಮಂದಿ ಕಡಿಮೆಯಾದ ಮೇಲೆ ಆಕೆ ನನ್ನ ಕೈ ಹಿಡಿದು ಸಣ್ಣ ದನಿಯಲ್ಲಿ ಮಾತಾಡಿದರು.

"ನೀ ಆ ಹಳ್ಳಿಗೆ ಹೋಗಿ ನಿನ್ನ ತಪ್ಪ ಹೇಳಿದಿಯಂತಲ್ಲ. ಅವತ್ತ ಮನಿಗೆ ಬಂದ ಊಟ ಮಾಡಲಿಲ್ಲ ಅವರು. ಆ ಹುಡುಗಿ ಮಾಡಿದ್ದು ನನ್ನ ಕೈಲೆ ಆ ವಯಸ್ಸಿನಾಗ ಆಗಲಿಲ್ಲ ಅಂದ್ರು."

ಆಗ ಕೇಳಿದ್ದು ಇದು. ಚಾಚಾ ಟೈಪಿಂಗಿಗೆ ಕೂತ ಹೊಸದರಲ್ಲಿ, ಇದೇ ಊರಿನ ಅಣ್ಣ ತಮ್ಮ ಇಬ್ಬರ ವಾಟ್ನಿ ಕಾಗದ, ಅಂದರೆ ಹೊಲದ ಪಾಲುಪತ್ರ, ಹೊಡೆದುಕೊಟ್ಟಿದ್ದರು. ಎರಡು ಸರ್ವೆ ನಂಬರುಗಳು ಅದಲುಬದಲಾದವು. ತಮ್ಮನಿಗೆ ಬರಬೇಕಾದ ಬಾವಿಯ ಹೊಲ ಅಣ್ಣನ ಹೆಸರಿಗೆ ಹೋಯಿತು, ತಮ್ಮನ ಪಾಲಿಗೆ ಕಲ್ಲುಹೊಲ ಬಂತು. ತಮ್ಮನಿಗೆ ಓದು ಬರದು, ಹೆಬ್ಬೆಟ್ಟು ಒತ್ತಿದ್ದ. ನೋಂದಣಿಯಾಗಿ ವಾರದ ಮೇಲೆ ಚಾಚಾ ತಾವು ಇಟ್ಟುಕೊಂಡಿದ್ದ ಕಾರ್ಬನ್ ಪ್ರತಿಯಲ್ಲಿ ಅದನ್ನು ಕಂಡರು. ಅಂಜಿಕೊಂಡರು. ಹೇಳಲಿಲ್ಲ. ಆಮೇಲೆ ಹೇಳುವ ಕಾಲವೇ ಬರಲಿಲ್ಲ. ಆ ತಮ್ಮ ತೀರಿಕೊಂಡು ವರ್ಷಗಳಾಗಿವೆ.

"ಅವನ ಮಗ ಇವತ್ತ ಹೆಗಲ ಕೊಟ್ಟಾನ," ಎಂದರು ಆಕೆ. "ಅವಗ ಗೊತ್ತಿಲ್ಲ. ಈಗರೆ ಹೇಳಬೇಕೇನ ಬೇಟಾ? ನೀ ಓದಿದಾಕಿ, ಹೇಳು."

ನನಗೆ ಆ ಹೊತ್ತಿನಲ್ಲಿ ಯಾವ ಹೊಸ ಭಾರವೂ ಬೇಡವಾಗಿತ್ತು. ಸತ್ತವರ ಹೆಸರು ಕೆಡಿಸುವುದೇಕೆ ಎಂದುಬಿಡಬಹುದಿತ್ತು. ಬಾಯಿಗೆ ಬಂದಿತ್ತು ಕೂಡ. "ಹೇಳೂಣ್ರಿ," ಎಂದೆ. "ನಾನೂ ಬರತೀನಿ ನಿಮ್ಮ ಜೋಡಿ."

ಗಂಡ ತೀರಿದ ಮೇಲೆ, ಅವರಲ್ಲಿಯ ಪದ್ಧತಿಯಂತೆ, ನಾಲ್ಕು ತಿಂಗಳು ಹತ್ತು ದಿನ ಅವರು ಹೊಸ್ತಿಲು ದಾಟುವಂತಿರಲಿಲ್ಲ. ಅದು ಮುಗಿದ ಮರುದಿನವೇ ಫೋನು ಮಾಡಿದರು. ಬಿಸಿಲಿನಲ್ಲಿ ಇಬ್ಬರೂ ನಡೆದು ಹೊಳೆಯ ಕಡೆಯ ಓಣಿಯ ಆ ಮನೆಗೆ ಹೋದೆವು. ಐವತ್ತು ದಾಟಿದ ಮಗ ಚಾಪೆ ಹಾಸಿದ. ಮೂಲೆಯಲ್ಲಿ ಗೋಡೆಗೆ ಒರಗಿ ಅವನ ತಾಯಿ ಕೂತಿದ್ದಳು. ಕಿವಿ ಮಂದವಾದ ಮುದುಕಿ. ಚಾಚಾನ ಹೆಂಡತಿ ನನ್ನನ್ನು ಮಾತಾಡಲು ಬಿಡಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು, ತಾವೇ ಎಲ್ಲವನ್ನೂ ಹೇಳಿದರು. ನಡುವೆ ಒಮ್ಮೆಯೂ ನಿಲ್ಲಿಸಲಿಲ್ಲ.

"ಅಪ್ಪ ಸಾಯೂತನಕ ಅಂತಿದ್ದನ್ರಿ," ಎಂದ ಮಗ. "ನಾ ಆ ನಂಬರ ಹೇಳೇ ಇಲ್ಲ, ನಾ ಹೇಳಿದ್ದ ಬ್ಯಾರೆ ಅಂತ. ಕುಡದ ಹೆಬ್ಬಟ್ಟ ಒತ್ತಿ ಈಗ ಸುಳ್ಳ ಹೇಳ್ತಾನ ಅಂತಿತ್ರಿ ಊರು. ಮನ್ಯಾಗೂ ಯಾರೂ ನಂಬಲಿಲ್ಲ."

ಆಮೇಲೆ ತಾಯಿಯ ಕಿವಿಯ ಹತ್ತಿರ ಬಾಗಿ ಅದನ್ನೇ ಗಟ್ಟಿಯಾಗಿ ಹೇಳಿದ. ಮುದುಕಿ ಅವನ ಮುಖವನ್ನು, ನಮ್ಮ ಮುಖವನ್ನು ನೋಡಿದಳು.

"ಹಂಗಾದ್ರ ಅಂವ ಖರೇನ ಹೇಳತಿದ್ದನೇನ?"

"ಹೌದವ್ವಾ."

ಅವಳು ಅಳಲಿಲ್ಲ. ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು, "ಬರದ ಕೊಡ ಅನ್ನು ಅವರಿಗೆ," ಎಂದಳು. ಹೊಲ ಈಗ ಮೂರು ಕೈ ದಾಟಿದೆ, ಬರೆದರೂ ಅದು ತಿರುಗಿ ಬರುವುದಿಲ್ಲ ಎಂದು ನಾನು ವಕೀಲಳಾಗಿ ಹೇಳಬೇಕಾಯಿತು. ಮಗ ಅದನ್ನೂ ಅವಳ ಕಿವಿಗೆ ಹಾಕಿದ. ಅವಳು ಹೊಲ ಬೇಡವೆಂದು ಕೈ ಬೀಸಿದಳು. ಗಂಡ ಖರೇ ಹೇಳಿದ್ದ ಎಂಬುದು ಕಾಗದದಲ್ಲಿ ಬರಬೇಕಿತ್ತು, ಅಷ್ಟೇ.

ಬ್ಯಾಗಿನಿಂದ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಬರೆದೆ. ಯಾರು ಯಾವ ನಂಬರು ಹೇಳಿದ್ದರು, ಯಾರು ತಪ್ಪು ಹೊಡೆದರು, ಯಾರು ಸುಮ್ಮನಿದ್ದರು. ಆರೇ ಸಾಲು. ಚಾಚಾನ ಹೆಂಡತಿ ಸಹಿ ಮಾಡಿದರು. ನಾನು ಎದ್ದು ಮುದುಕಿಯ ಬದಿಗೆ ಹೋಗಿ ಕೂತು, ಅವಳ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ, ಒಂದೊಂದೇ ಶಬ್ದ ಬಿಡಿಸಿ ಓದಿದೆ.

ಮುಗಿದ ಮೇಲೆ ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಇನ್ನೊಮ್ಮೆ ಓದವ್ವಾ," ಎಂದಳು.